ಪಿಕಪ್ಪಿನ ಪೂರ್ವಚರಿತ್ರೆ

ಕಾಸರಗೋಡಿನ ಪಯಸ್ವಿನಿ ಹೊಳೆಯ ಉತ್ತರದಂಡೆಯ ಅಡಕೆ ಬೆಳೆಗಾರನೊಬ್ಬನು ಹಳೆಯ ಪಿಕಪ್ ಒಂದನ್ನು ಕೊಳ್ಳಲು ಮನಸ್ಸು ಮಾಡಿದನೆಂದರೆ, ತುಕ್ಕು ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಅವನು ಕೇಳುವುದೇ ವ್ಯರ್ಥ. ಎಲ್ಲಿದೆ, ಎಷ್ಟು ಆಳಕ್ಕೆ ಇಳಿದಿದೆ, ಯಾರು ಅದನ್ನು ಯಾವ ಬಣ್ಣದಿಂದ ಮುಚ್ಚಿದ್ದಾರೆ ಎಂಬುದಷ್ಟೇ ವಿಚಾರಾರ್ಹವಾದ ಸಂಗತಿ. ವರ್ಷಕ್ಕೆ 3,000 ಮಿಲಿಮೀಟರನ್ನು ಮೀರಿ ಸುರಿಯುವ ಮಳೆಯೂ, ಕಡಲ ಕಡೆಯಿಂದ ಉಪ್ಪನ್ನು ಹೊತ್ತು ಬೀಸುವ ಗಾಳಿಯೂ ಸೇರಿದ ಈ ನೆಲದಲ್ಲಿ ಕಬ್ಬಿಣವು ತಾನಾಗಿ ಉಳಿಯುವ ವಸ್ತುವಲ್ಲ.

ನಾನು ಅಂತಹ ಗಾಡಿಯೊಂದನ್ನು ಹುಡುಕತೊಡಗಿದಾಗ, ಮಂಗಳೂರಿನಲ್ಲಿ ಒಳ್ಳೆಯ ಗಾಡಿಗಳು ಸಿಗುತ್ತವೆಂದು ಬಂಧುಗಳು ಹೇಳಿದರು. ಸಿಗುತ್ತವೆ, ಆದರೆ ಅಲ್ಲಿನ ಕೆ.ಎ. 19 ನೋಂದಣಿಯನ್ನು ಕಾಸರಗೋಡಿನ ಕೆ.ಎಲ್. 14 ಆಗಿಸುವಷ್ಟರಲ್ಲಿ ಎನ್.ಒ.ಸಿ. ಎಂದೂ ತೆರಿಗೆಯೆಂದೂ ಆಗುವ ಅಲೆದಾಟವನ್ನು ಇಲ್ಲಿನ ಓದುಗರಿಗೆ ನಾನು ವರ್ಣಿಸಬೇಕಾಗಿಲ್ಲ. ಕಡಲಿನಿಂದ ದೂರವಾದ ಪೆರ್ಲ, ಮುಳ್ಳೇರಿಯಗಳ ಕಡೆಯ ವಾಹನಕ್ಕೆ ಉಪ್ಪಿನ ಭಯವಿಲ್ಲವೆಂದು ಆ ಕಡೆಗೆ ತಿರುಗಿದರೆ, ಅಲ್ಲಿ ಅದಕ್ಕಿಂತ ತೀಕ್ಷ್ಣವಾದ ಶತ್ರುವೊಂದು ಕಾದಿರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂದು ಬಲ್ಲ ನಮ್ಮವರು, ದ್ರಾವಣವು ಹದಕ್ಕೆ ಬಂದಿತೇ ಎಂದು ಪರೀಕ್ಷಿಸಲು ಉಜ್ಜಿದ ಪೀಶಕತ್ತಿಯ ಅಲಗನ್ನು ಅದರಲ್ಲಿ ಅದ್ದಿ, ಅಲಗಿಗೆ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣದ ನೀರು ಬೇಕೆಂದು ತಿಳಿಯುವವರು, ಅದೇ ಮೈಲುತುತ್ತಿನ ನೀರು ಡ್ರಮ್ಮಿನಿಂದ ತುಳುಕಿ ಪಿಕಪ್ಪಿನ ಹಿಂಬದಿಯ ತಗಡಿನ ಮೇಲೆ ಮಳೆಗಾಲವಿಡೀ ನಿಲ್ಲುವುದನ್ನು ಮಾತ್ರ ಗಮನಿಸುವುದಿಲ್ಲ. ಕತ್ತಿಯ ಅಲಗಿಗೆ ಆಗುವುದೇ ಆ ತಗಡಿಗೂ ಆಗುತ್ತದೆ.

ಇಂತಿರಲು, ಹೊಸದುರ್ಗದ ಆಚೆಗೆ ಕಡಲತೀರದಲ್ಲಿ ಮೀನು ಸಾಗಿಸುತ್ತಿದ್ದ ಒಂದು ಪಿಕಪ್ ಮಾರಾಟಕ್ಕಿದೆಯೆಂಬ ಸುದ್ದಿ ಬಂದಿತು. ಮೀನಿನ ಗಾಡಿಯೆಂದರೆ ಯಾರಾದರೂ ಹಿಂಜರಿಯತಕ್ಕದ್ದೇ. ಪೆಟ್ಟಿಗೆಗಳಿಂದ ಇಳಿಯುವ ಉಪ್ಪು ಬೆರೆತ ಮಂಜುನೀರು ಹಲಗೆಯ ಸಂದಿನಿಂದ ಜಾರಿ ಚಾಸಿಯ ಮೇಲೆ ಬೀಳುತ್ತದೆ. ನೀರು ಬಸಿಯುವ ತೂತುಗಳು ಕೆಸರಿನಿಂದ ಮುಚ್ಚಿಹೋದರೆ ಅದು ಪೊಳ್ಳಿನೊಳಗೇ ನಿಂತು, ಹೊರಗೆ ಬಣ್ಣವು ಅಖಂಡವಾಗಿ ಹೊಳೆಯುತ್ತಿರುವಾಗಲೇ ಒಳಗಿನಿಂದ ಕಬ್ಬಿಣವನ್ನು ತಿನ್ನುತ್ತದೆ. ಆದರೂ ನಾನು ಹೋದೆನು. ಏಕೆಂದರೆ ಆ ಗಾಡಿಗೆ ಮಾತ್ರ ಒಂದು ಪುಸ್ತಕವಿತ್ತು.

ಪುಸ್ತಕವೆಂದರೆ ರಟ್ಟು ಹಾಕಿದ ಉದ್ದನೆಯ ಲೆಕ್ಕದ ಪುಸ್ತಕ. ಗಾಡಿ ಕೊಂಡ ದಿನದಿಂದ ಅದರ ಚಾಲಕನು, ಎಣ್ಣೆ ಬದಲಿಸಿದ ದಿನ, ತೊಳೆದ ದಿನ, ಬೆಸುಗೆ ಹಾಕಿಸಿದ ಭಾಗ, ಕೊಟ್ಟ ಹಣ ಎಲ್ಲವನ್ನೂ ನೀಲಿ ಶಾಯಿಯಲ್ಲಿ ಗೆರೆ ತಪ್ಪದೆ ಬರೆದಿಟ್ಟಿದ್ದನು. ಬಾಯಿಮಾತಿನ ಭರವಸೆಗಳೇ ತುಂಬಿರುವ ಈ ವ್ಯಾಪಾರದಲ್ಲಿ ಅಂತಹ ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡವನಲ್ಲ. ಆದರೆ ಅದೆಲ್ಲವೂ ಮಲಯಾಳದಲ್ಲಿತ್ತು. ಬಾಲ್ಯದಿಂದ ಸಂತೆಯಲ್ಲಿಯೂ ಬಸ್ಸಿನಲ್ಲಿಯೂ ಕೇಳಿ ಆಡಿ ಬಂದ ಭಾಷೆ. ಎದುರಿಗೆ ನಿಂತವನೊಡನೆ ಬೆಲೆ ಇಳಿಸಿ ಮಾತಾಡಲು ನನಗೆ ಯಾವ ತಡೆಯೂ ಇಲ್ಲ. ಕಾಗದದ ಮೇಲೆ ಅದು ನನ್ನ ಪಾಲಿಗೆ ಮೂಕವಾಗುತ್ತದೆ. ಕನ್ನಡ ಶಾಲೆಯಲ್ಲಿ ಕನ್ನಡವನ್ನೇ ಕಲಿತು ಕನ್ನಡವನ್ನೇ ಕಲಿಸಿದ ನನ್ನಂತಹವರು ಇದಕ್ಕಾಗಿ ನಾಚಬೇಕಾದುದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಆದರೆ ಬದುಕಿನ ಮುಖ್ಯ ವ್ಯವಹಾರಗಳೆಲ್ಲ ಕಾಗದದ ಮೇಲೆಯೇ ನಡೆಯುವುದರಿಂದ, ಬೇನೆಯು ನಿಜವಾದುದೇ.

ಮಾಲಿಕರು ಹಿರಿಯರು. ನನ್ನ ಮುಖವನ್ನು ನೋಡಿಯೇ ಅರ್ಥಮಾಡಿಕೊಂಡರೋ ಏನೋ, ಕನ್ನಡಕವನ್ನು ಏರಿಸಿಕೊಂಡು, "ಮಾಷೇ, ಇರಿಕ್ಕಿ" ಎಂದು ಬೆಂಚನ್ನು ತೋರಿಸಿ, ಮೊದಲ ಪುಟದಿಂದ ಓದತೊಡಗಿದರು. ಹಾಳೆ ಹಾರಿಸಲಿಲ್ಲ. ಹಿಂದಿನ ಎಡಬದಿಯ ಸ್ಪ್ರಿಂಗ್ ಪ್ಲೇಟಿನ ಬ್ರಾಕೆಟ್ಟಿನ ಬಳಿ ಚಾಸಿಗೆ ತೇಪೆ ಬೆಸೆದ ಪುಟವು ಬಂದಾಗ, ಅವರ ದನಿ ತಗ್ಗಲೂ ಇಲ್ಲ, ವೇಗ ಹೆಚ್ಚಲೂ ಇಲ್ಲ. ತೇಪೆ ಹಾಕಿದ ತಗಡಿನ ಅಳತೆಯನ್ನೂ ಸೇರಿಸಿ ಓದಿ, ಬೆರಳಿಟ್ಟು ತೋರಿಸಿದರು. ಮಾರುವವನು ತನ್ನ ಸರಕಿನ ದೋಷವನ್ನು ಕೊಳ್ಳುವವನಿಗೆ ತಾನೇ ಓದಿ ಹೇಳಿದ ಆ ಸೌಜನ್ಯಕ್ಕೆ ನಾನು ಕೃತಜ್ಞ. ಆದರೂ, "ಇಕ್ಕಾ, ನೀವು ಓದಿದಿರೆಂದು ತಿಳಿಯಿತು. ಓದದವರ ಕೈಗೆ ಸಿಕ್ಕಿದ್ದರೆ ನನ್ನ ಗತಿಯೇನು?" ಎಂದು ಕೇಳದೆ ಇರಲಾಗಲಿಲ್ಲ. ಅವರು ಮಾತಾಡದೆ ಪುಸ್ತಕವನ್ನು ಮಡಚಿ ನನ್ನ ಕೈಗಿತ್ತರು.

ನನ್ನೊಡನೆ ಬಂದಿದ್ದ ಬದಿಯಡ್ಕದ ಮೇಸ್ತ್ರಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ. ಕ್ಯಾಬಿನ್ನಿನ ರಬ್ಬರು ಹಾಸನ್ನು ಎತ್ತಿ ನೋಡಿ, ಬಾಗಿಲುಗಳ ತಳದ ಮಡಿಕೆಗಳನ್ನು ಬೆರಳಿನಿಂದ ತಡವಿ, ಚಕ್ರದ ಕಮಾನುಗಳ ಮೇಲೆ ಅಯಸ್ಕಾಂತದ ತುಂಡನ್ನು ಆಡಿಸಿ, ಅದು ಅಂಟದೆ ಜಾರಿದಲ್ಲಿ ಪುಟ್ಟಿ ತುಂಬಿದೆಯೆಂದು ಹೇಳಿ, ಕೊನೆಗೆ ಗೋಣಿಯ ಮೇಲೆ ಮಲಗಿ ಗಾಡಿಯ ಅಡಿಗೆ ಸರಿದನು. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಬಡಿಯುತ್ತ ಹೋದಂತೆ ಕಬ್ಬಿಣವು ಠಣ್ಣೆಂದು ಉತ್ತರಿಸುತ್ತಿತ್ತು. ಪುಸ್ತಕದಲ್ಲಿ ಹೇಳಿದ್ದ ಆ ಜಾಗಕ್ಕೆ ಬಂದಾಗ ಮಾತ್ರ ದನಿ ಮಂಕಾಯಿತು, ಪದರಪದರವಾಗಿ ಕೆಂಪು ಹೊಟ್ಟು ಅವನ ಎದೆಯ ಮೇಲೆ ಉದುರಿತು. "ಮಾಸ್ಟ್ರೇ, ಉಳಿದದ್ದು ಮೇಲಿನ ತುಕ್ಕು, ಉಜ್ಜಿ ಬಣ್ಣ ಹೊಡೆದರೆ ಸಾಕು. ಇದೊಂದು ಕಡೆ ತೇಪೆಯ ಹಿಂದೆ ಕೊಳೆತಿದೆ. ಇಲ್ಲಿ ಇನ್ನೊಂದು ತೇಪೆ ಹಾಕಿದರೆ ಆಗುವುದಿಲ್ಲ, ಗಟ್ಟಿ ಕಬ್ಬಿಣ ಸಿಗುವ ತನಕ ಕೊಯ್ದು ಹೊಸ ತುಂಡು ಕೂರಿಸಬೇಕು" ಎಂದನು. ಅಡಕೆಯ ಮೂಟೆಗಳ ಭಾರವು ಇಳಿಯುವುದು ಅಂತಹ ಬ್ರಾಕೆಟ್ಟುಗಳ ಮೇಲೆಯೇ. ಎಂಟು ವರ್ಷ ದಾಟಿದ ಸರಕುಗಾಡಿಗೆ ವರ್ಷವರ್ಷವೂ ಫಿಟ್‌ನೆಸ್ ಆಗಬೇಕಾದುದರಿಂದ, ಅದನ್ನು ಮುಂದೂಡಿ ಓಡಿಸುವ ಮಾತೂ ಇಲ್ಲ.

ಸುತ್ತಿಗೆಯ ದನಿಯೂ ಶಾಯಿಯ ಬರವಣಿಗೆಯೂ ಒಂದೇ ಜಾಗವನ್ನು ತೋರಿಸಿದುದು ನನ್ನ ನಿರ್ಧಾರಕ್ಕೆ ಆಧಾರವಾಯಿತು. ಹೊಸದಾಗಿ ಕಪ್ಪು ಬಳಿದ ಅಡಿಭಾಗದ ಗಾಡಿಗಿಂತ, ಎಲ್ಲಿ ಕೊಳೆತಿದೆಯೆಂದು ತಿಳಿದಿರುವ ಗಾಡಿಯೇ ಮೇಲು. ಕೊಯ್ದಾಗ ಕೊಳೆತವು ಬ್ರಾಕೆಟ್ಟಿನ ಸುತ್ತಮುತ್ತ ಮಾತ್ರವಿದ್ದರೆ ಆ ಕೆಲಸದ ಖರ್ಚನ್ನು ಕಳೆದು ಕೊಳ್ಳುವುದೆಂದೂ, ಚಾಸಿಯ ಉದ್ದಕ್ಕೆ ಹರಡಿದ್ದರೆ ಮುಂಗಡವನ್ನು ಹಿಂದಿರುಗಿಸುವುದೆಂದೂ ನಾವಿಬ್ಬರೂ ಒಪ್ಪಿದೆವು.

ಒಪ್ಪಂದವನ್ನು ಬರೆಸಲು ಹೋದಲ್ಲಿ ನಿಜವಾದ ಕಸಿವಿಸಿ ಆಯಿತು. ಮುದ್ರಾಪತ್ರದ ಮೇಲೆ ಬೆರಳಚ್ಚು ಮಾಡುವಾತನು ಕನ್ನಡವೆಂಬ ಮಾತು ಕೇಳಿದೊಡನೆ ಇಲ್ಲಿ ಅದರ ಅಭ್ಯಾಸವಿಲ್ಲವೆಂದು ತಲೆಯಾಡಿಸಿದನು. ಸರಕಾರದ ಕಛೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಉತ್ತರ ಪಡೆಯುವ ಅವಕಾಶವನ್ನು 1969ರ ಕೇರಳದ ಭಾಷಾಕಾಯಿದೆಯೇ ನಮಗೆ ಒದಗಿಸಿರುವಾಗ, ನಮ್ಮದೇ ಜಿಲ್ಲೆಯಲ್ಲಿ ನಾನು ಹಣ ಕೊಟ್ಟು ಕೊಳ್ಳುವ ಗಾಡಿಯ ಷರತ್ತನ್ನು ನಾನು ಓದುವ ಅಕ್ಷರದಲ್ಲಿ ಕೇಳುವುದು ಉಪಕಾರ ಯಾಚನೆಯಲ್ಲ. ಕನ್ನಡದ ಕವಿಗಳಾದ ಗೋವಿಂದ ಪೈಗಳೂ ಕಯ್ಯಾರರೂ ಬಾಳಿದ ನೆಲದಲ್ಲಿ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿರುವುದೇ ದುಃಖದ ವಿಷಯ. ಮಲಯಾಳದ ಪ್ರತಿಗೆ ನಾನು ಕೂಡಲೆ ಸಹಿ ಹಾಕಲಿಲ್ಲ. ಅಲ್ಲಿಯೇ ಕುಳಿತು, ಕೊಳೆತದ ಜಾಗ, ಕೊಯ್ಯುವ ಕೆಲಸ, ಕಳೆಯುವ ಹಣ, ಮುಂಗಡ ಹಿಂದಿರುಗಿಸುವ ಷರತ್ತು ಎಲ್ಲವನ್ನೂ ಕನ್ನಡದಲ್ಲಿ ಕೈಬರಹದಿಂದ ಬರೆದು, ಮಾಲಿಕರಿಗೆ ಮಲಯಾಳದಲ್ಲಿ ಸಾಲುಸಾಲಾಗಿ ವಿವರಿಸಿದೆನು. ಅವರು ಎರಡಕ್ಕೂ ರುಜು ಹಾಕಿದರು, ನಾನೂ ಹಾಕಿದೆನು. ಗಾಡಿಯು ಈಗ ಬದಿಯಡ್ಕದ ಗ್ಯಾರೇಜಿನಲ್ಲಿದೆ, ಬರುವ ವಾರ ಮೇಸ್ತ್ರಿಯು ಆ ತೇಪೆಯನ್ನು ಕೊಯ್ಯುತ್ತಾನೆ.