ಕುದೂರಿನಲ್ಲಿ ನಿಂತ ಯೆಜ್ಡಿ

ಕುದೂರು ಇನ್ನೇನು ಬಂತು ಎನ್ನುವಷ್ಟರಲ್ಲಿ ನಮ್ಮ ಯೆಜ್ಡಿ ಎರಡು ಸಲ ಕೆಮ್ಮಿತು, ಸೈಲೆನ್ಸರಿನಲ್ಲಿ ಒಂದು ಪಟಾಕಿ ಹೊಡೆಯಿತು, ನಿಂತೇಬಿಟ್ಟಿತು. ಅಂದು ಭಾನುವಾರ. ಫಜ್ರ್ ನಮಾಝ್ ಮುಗಿಸಿ ರಾಮನಗರದಿಂದ ಹೊರಟಿದ್ದೆವು. ಮಾಗಡಿ, ಕುದೂರು ದಾಟಿ ಹೆದ್ದಾರಿ ಸೇರುವುದು. ಕುಣಿಗಲ್, ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವುದು ನಮ್ಮ ಯೋಜನೆ.

ಗಾಡಿ ಅಬ್ಬಾರದು. ರೇಷ್ಮೆ ನೂಲು ತೆಗೆಯುವ ಚರಕ ಇಟ್ಟುಕೊಂಡಿದ್ದ ಅವರು ಗೂಡು ಕೊಳ್ಳಲು ಶಿಡ್ಲಘಟ್ಟದವರೆಗೂ ಇದರಲ್ಲೇ ಹೋಗಿ ಬರುತ್ತಿದ್ದರು. ಒಮ್ಮೆ ಇದರಲ್ಲೇ ಹೋಗಿ ಸಮುದ್ರ ನೋಡಬೇಕು ಎನ್ನುತ್ತಿದ್ದರು. ನೋಡಲಿಲ್ಲ. ಅವರು ತೀರಿಕೊಂಡು ವರ್ಷ ತುಂಬಿದ ಮೇಲೆ, ಗಾಡಿ ಮಾರುವ ಮುಂಚೆ ಆ ಒಂದು ಪ್ರಯಾಣ ಮಾಡಿಬಿಡೋಣ ಎಂದು ಅಣ್ಣತಮ್ಮಂದಿರಿಬ್ಬರೂ ಹೊರಟಿದ್ದೆವು.

ಯೆಜ್ಡಿಯ ಕಥೆ ಹಳೆಯ ತಲೆಮಾರಿಗೆ ಹೇಳಬೇಕಾಗಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜೆಕ್ ದೇಶದ ಸಹಯೋಗದಿಂದ ಜಾವಾ ಗಾಡಿಗಳ ತಯಾರಿಕೆ ಶುರುವಾಯಿತು. 1973ರಿಂದ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಗೇರಿನ ಪೆಡಲನ್ನೇ ಎತ್ತಿ ತಿರುಗಿಸಿ ಕಿಕ್ ಮಾಡುವ ಈ ಗಾಡಿ ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿಯುತ್ತದೆ. ಅದೇ ಹೆಸರಿನಲ್ಲಿ 2022ರಲ್ಲಿ ಹೊಸ ಗಾಡಿ ಬಂದಿದೆಯಾದರೂ, ಹೆಸರೊಂದನ್ನು ಬಿಟ್ಟರೆ ಒಳಗಿನ ಯಂತ್ರವೆಲ್ಲ ಬೇರೆಯೇ.

ರಸ್ತೆಬದಿಯ ಹುಣಸೆಮರದ ನೆರಳಿಗೆ ಗಾಡಿ ತಳ್ಳಿ ನಮ್ಮ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆವು. ಪ್ಲಗ್ ಬಿಚ್ಚಿ ಒರೆಸಿದೆವು. ಕಾರ್ಬುರೇಟರ್ ಕಳಚಿ ಜೆಟ್ ಊದಿದೆವು. ಎಂಜಿನ್ ತಣ್ಣಗಾದ ಮೇಲೆ ಚಾಲೂ ಆಯಿತು. ಅರ್ಧ ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಕಾರ್ಬುರೇಟರೇ ಕೆಟ್ಟಿದೆ ಎಂದು ನಮ್ಮಲ್ಲೊಬ್ಬ, ಅಲ್ಲ ಕಾಯಿಲ್ ಹೋಗಿದೆ ಎಂದು ಇನ್ನೊಬ್ಬ. ಜಗಳ ಏರುವ ಹೊತ್ತಿಗೆ ಡೈರಿಗೆ ಹಾಲು ಹಾಕಿ ಬರುತ್ತಿದ್ದ ರೈತರೊಬ್ಬರು ಸೈಕಲ್ ನಿಲ್ಲಿಸಿದರು. "ಊರೊಳಕ್ಕೆ ತಳ್ಕೊಂಡು ಹೋಗಿ. ಒಬ್ರು ಹಳೇ ಸಾಬ್ರು ಅವ್ರೆ. ಇಂಥಾ ಗಾಡಿಗೆ ಅವರೇ ಸರಿ" ಎಂದರು. ಹೇಳಿದ್ದಷ್ಟೇ ಅಲ್ಲ, ಏರು ಮುಗಿಯುವತನಕ ಹಿಂದಿನಿಂದ ತಳ್ಳಿಯೂ ಕೊಟ್ಟರು.

ಅಂಗಡಿಯೆಂದರೆ ತಗಡಿನ ಚಪ್ಪರ, ಒಂದು ಹಲಗೆ, ಗ್ರೀಸ್ ಹಿಡಿದ ಡಬ್ಬಗಳು. ಎಪ್ಪತ್ತು ದಾಟಿದ ಉಸ್ತಾದರು. ಸ್ಪ್ಯಾನರ್ ಎತ್ತಿ ಕೊಡಲು ಹನ್ನೆರಡರ ಆಸುಪಾಸಿನ ಮೊಮ್ಮಗ. ನಾವು ಕಾರ್ಬುರೇಟರಿನ ಪುರಾಣ ಶುರು ಮಾಡಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಿಸಿ ಆದ್ಮೇಲೆ ನಿಲ್ತದಾ, ತಣ್ಣಗಿದ್ದಾಗಲೂ ನಿಲ್ತದಾ ಬೇಟಾ?"

ಬಿಸಿಯಾದ ಮೇಲೆ ಎಂದೆವು. ಬಲಬದಿಯ ಮುಚ್ಚಳ ಬಿಚ್ಚಿ ಎಂಜಿನ್ ತಿರುಗಿಸಿ ತೋರಿಸಿದರು. ಪಾಯಿಂಟ್ ತೆರೆದಾಗಲೆಲ್ಲ ಅಲ್ಲಿ ಚಿಟಿಚಿಟಿ ಕಿಡಿ. "ಕಿಡಿ ಪ್ಲಗ್ಗಿನಲ್ಲಿ ಬರಬೇಕು, ಇಲ್ಲಿ ಬರ್ತಾ ಇದೆ. ಕಂಡೆನ್ಸರ್ ಹೋಗಿದೆ." ಆ ಗಾಡಿಯ ಕಂಡೆನ್ಸರ್ ಆ ಊರಲ್ಲಿ ಎಲ್ಲಿಂದ ಬರಬೇಕು? ಡಬ್ಬ ಸುರಿದು ಹಳೆಯ ಅಂಬಾಸಿಡರ್ ಕಾರಿನದೊಂದನ್ನು ಹುಡುಕಿದರು. ಒಳಗೆ ಜಾಗ ಸಾಲದೆ ಹೊರಗೇ ಬಿಗಿದು ವೈರ್ ಎಳೆದರು. ಸುಟ್ಟ ಪಾಯಿಂಟನ್ನು ಎಮರಿ ಕಾಗದದಿಂದ ತಿಕ್ಕಿದರು. ಪಾಯಿಂಟ್ 0.4 ಮಿಲಿಮೀಟರ್ ತೆರೆಯಬೇಕು. ಅಳೆಯುವ ಗೇಜ್ ಎಲ್ಲೋ ಕಳೆದಿತ್ತು. ಮೊಮ್ಮಗ ಹಳೆಯ ಲಗ್ನಪತ್ರಿಕೆಯಿಂದ ಒಂದು ಪಟ್ಟಿ ಕತ್ತರಿಸಿ ಕೊಟ್ಟ. ಅದನ್ನು ನಡುವೆ ತೂರಿಸಿ ಸ್ಕ್ರೂ ಬಿಗಿದರು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು.

ನಮಗೆ ಖುಷಿಯೋ ಖುಷಿ. "ಹುಡುಗ ಹುಟ್ಟಾ ಮೆಕ್ಯಾನಿಕ್ ಚಾಚಾ! ನಿಮ್ಮ ಕಸುಬು ಉಳೀತು" ಎಂದು ಹೊಗಳಿ ಅವನ ಕೈಗೆ ನೂರರ ನೋಟು ಇಟ್ಟೆವು. ಉಸ್ತಾದರ ಮುಖ ಬದಲಾಯಿತು. ನೋಟನ್ನು ಅವನ ಕೈಯಿಂದ ತೆಗೆದು ನಮಗೇ ಹಿಂತಿರುಗಿಸಿದರು.

"ಕೆಲಸ ಕಲಿಯಲಿ ಬೇಟಾ, ಬೇಡ ಅನ್ನಲ್ಲ. ಕೂಲಿ ರುಚಿ ಹತ್ತೋದು ಬೇಡ. ಹತ್ತು ವರ್ಷಕ್ಕೆ ನನ್ನ ಕೈಗೂ ಒಬ್ಬರು ಹೀಗೇ ಎಂಟಾಣೆ ಇಟ್ಟಿದ್ರು. ಮಾರನೇ ದಿನದಿಂದ ಶಾಲೆಗೆ ಹೋಗಲಿಲ್ಲ. ಈಗಿನ ಗಾಡಿಯೊಳಗೆ ಕಂಪ್ಯೂಟರ್ ಇದೆ. ಅದರ ಮುಂದೆ ನಾನು ಕುರುಡ."

ನಾವು ತಲೆ ತಗ್ಗಿಸಿದೆವು. ಅವರು ಹೇಳಿದ್ದು ನಿಜ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಬಂದಿದೆ. ದೋಷ ಹುಡುಕಲು ಸ್ಕ್ಯಾನರ್ ಬೇಕು, ಸ್ಕ್ಯಾನರ್ ಹೇಳಿದ್ದನ್ನು ಓದಲು ಅಕ್ಷರ ಬೇಕು. ಕಿವಿಯಿಂದ ಎಂಜಿನ್ ಓದುತ್ತಿದ್ದವರ ಕಾಲ ಮುಗಿಯುತ್ತಿದೆ.

ಗ್ಯಾರೇಜುಗಳಲ್ಲಿ, ಚರಕಗಳ ಮುಂದೆ, ಚನ್ನಪಟ್ಟಣದ ಬೊಂಬೆಯ ಪಟ್ಟಡೆಗಳಲ್ಲಿ ನಮ್ಮ ಸಮುದಾಯದ ಕೈಗಳಿರುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸ್ವಂತ ಕಸುಬನ್ನೇ ನೆಚ್ಚಿ ಬದುಕುವವರು ಮುಸ್ಲಿಮರಲ್ಲಿ ಹೆಚ್ಚು ಎಂದು 2006ರ ಸಾಚಾರ್ ವರದಿಯೂ ಹೇಳಿತು. ಶಿಕ್ಷಣದಲ್ಲಿ ಹಿಂದುಳಿದಿರುವುದನ್ನೂ ಅದೇ ವರದಿ ಹೇಳಿತು. ಮೊದಲನೆಯದನ್ನು ಭಾಷಣದಲ್ಲಿ ಬಳಸುತ್ತೇವೆ, ಎರಡನೆಯದಕ್ಕೆ ಸರ್ಕಾರವನ್ನು ಬೈಯುತ್ತೇವೆ. ಬೈಯಬೇಕಾದ್ದೂ ಸರಿಯೇ. ಆದರೆ ಹುಡುಗನ ಕೈಗೆ ನೋಟು ಇಟ್ಟವರು ಯಾರು? 2016ರಲ್ಲಿ ತಿದ್ದುಪಡಿಯಾದ ಕಾನೂನು ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಿಕೊಳ್ಳುವುದನ್ನು ನಿಷೇಧಿಸಿದೆ. ಶಾಲೆಯ ಹೊತ್ತು ಬಿಟ್ಟು, ರಜೆಯಲ್ಲಿ, ಮನೆಯವರ ಕಸುಬಿಗೆ ನೆರವಾಗಲು ಮಾತ್ರ ಒಂದು ಸಂದು ಬಿಟ್ಟಿದೆ. ಆ ಸಂದು ಎಷ್ಟು ಬೇಗ ಹೆಬ್ಬಾಗಿಲಾಗುತ್ತದೆ ಎಂಬುದು ಕಾನೂನು ಓದದ ಉಸ್ತಾದರಿಗೆ ಗೊತ್ತಿತ್ತು.

ನಮಗೂ ಗೊತ್ತಿರಬೇಕಿತ್ತು. ನಮ್ಮಲ್ಲಿ ಹಿರಿಯವನು ಏಳನೇ ತರಗತಿಗೆ ಶಾಲೆ ಬಿಟ್ಟು ಚರಕದ ಮುಂದೆ ಕುಳಿತವನು. ಬಿಸಿನೀರಿನ ಬೋಗುಣಿಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವನ ಬೆರಳ ತುದಿ ಬಿಳಿಚಿಕೊಂಡಿರುತ್ತಿತ್ತು. ಕಿರಿಯವನ ಕಾಲೇಜಿನ ಫೀಸು ಬಂದದ್ದು ಆ ಬೆರಳುಗಳಿಂದ. ಈ ಮಾತನ್ನು ನಾವು ಮನೆಯಲ್ಲಿ ಎಂದೂ ಆಡಿಲ್ಲ. ಈಗ ಹಿರಿಯವನ ಮಗ ಪಿಯುಸಿ ಬಿಟ್ಟು ಮೊಬೈಲ್ ಅಂಗಡಿ ಸೇರುತ್ತೇನೆಂದು ಹಟ ಹಿಡಿದಿದ್ದ. "ಹೋಗಲಿ ಬಿಡು, ದುಡಿದು ತಿನ್ನಲಿ" ಎಂದು ನಾವಿಬ್ಬರೂ ಹೆಚ್ಚುಕಡಿಮೆ ಒಪ್ಪಿಯೂ ಆಗಿತ್ತು.

ಉಸ್ತಾದರು ಕೂಲಿಯೆಂದು ಕೇಳಿದ್ದು ಇನ್ನೂರು. ಹೆಚ್ಚು ಕೊಟ್ಟರೆ ತೆಗೆದುಕೊಳ್ಳಲಿಲ್ಲ. "ಕಂಡೆನ್ಸರ್ ಹಳೇದು, ಮಂಗಳೂರಿನತನಕ ಬಂದ್ರೆ ಅಲ್ಲಾಹನ ದಯೆ" ಎಂದು ಗಾಡಿಯ ಬೆನ್ನು ತಟ್ಟಿ ಕಳಿಸಿದರು.

ಭೈರವನದುರ್ಗದ ಬಂಡೆ ಬೆನ್ನ ಹಿಂದೆ ಸಣ್ಣದಾಗುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಕುಣಿಗಲ್ಲಿನಲ್ಲಿ ಚಹಾ ಕುಡಿಯಲು ನಿಂತಾಗ ಹಿರಿಯವನು ಫೋನ್ ತೆಗೆದು ಮಗನಿಗೆ ಹೇಳಿದ: "ಅಂಗಡಿಗೆ ಭಾನುವಾರ ಮಾತ್ರ ಹೋಗು. ಪರೀಕ್ಷೆಗೆ ಕೂರು. ಫೀಸು ನಿನ್ನ ಚಾಚಾ ಕಟ್ತಾನೆ." ಕೇಳಿ ಹೇಳಿದ್ದಲ್ಲ; ಕೇಳಬೇಕಾಗಿಯೂ ಇರಲಿಲ್ಲ. ಆ ಸಾಲ ಎಂದೋ ತೀರಿಸಬೇಕಿತ್ತು.

ಸಕಲೇಶಪುರದಲ್ಲಿ ಕ್ಲಚ್ ಕೇಬಲ್ ತುಂಡಾಯಿತು, ಘಾಟಿಯ ಕೆಳಗೆ ಟಯರ್ ಪಂಕ್ಚರ್ ಆಯಿತು. ಕಂಡೆನ್ಸರ್ ಮಾತ್ರ ಕೈ ಕೊಡಲಿಲ್ಲ. ಮರುದಿನ ಮಗ್ರಿಬ್ ಹೊತ್ತಿಗೆ ಅಬ್ಬಾರ ಗಾಡಿಯನ್ನು ಸಮುದ್ರದ ಎದುರು ನಿಲ್ಲಿಸಿದೆವು. ಹುಡುಗ ಪರೀಕ್ಷೆ ಬರೆದಿದ್ದಾನೆ, ಫಲಿತಾಂಶ ಬರಬೇಕಿದೆ. ಗಾಡಿಯನ್ನು ಇನ್ನೂ ಮಾರಿಲ್ಲ. ಅಂಬಾಸಿಡರಿನ ಕಂಡೆನ್ಸರ್ ಹೊರಗೆ ಕಟ್ಟಿದಂತೆಯೇ ಇದೆ.