ನೆರೆಮನೆಯ ನಕ್ಷತ್ರ

ಹಬ್ಬಗಳು ನಂಬಿದವರಿಗೆ ಮಾತ್ರ ಸೇರಿದುವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹಬ್ಬ ನಡೆಯುವುದು ದೇವಾಲಯದಲ್ಲಿ ಮಾತ್ರವಲ್ಲ. ಅಡುಗೆಮನೆಯಲ್ಲಿ, ಅಂಗಳದಲ್ಲಿ, ನೆರೆಹೊರೆಯವರ ನಡುವೆಯೂ ನಡೆಯುತ್ತದೆ. ಆ ನೆರೆಯಲ್ಲಿ ನಂಬದವನೊಬ್ಬನು ಇದ್ದರೆ ಅವನ ಪಾಲಿಗೆ ಹಬ್ಬ ಏನಾಗುತ್ತದೆ? ಇದನ್ನು ನಾನು ಅರಿತದ್ದು ಉಳ್ಳಾಲದಲ್ಲಿ.

ನಾನು ಗದಗಿನ ಸಮೀಪದ ಎರೆಯ ನಾಡಿನವನು. 1986ರಲ್ಲಿ ಅಧ್ಯಾಪಕನಾಗಿ ಉಳ್ಳಾಲಕ್ಕೆ ಬಂದೆ. ನೇತ್ರಾವತಿಯ ಸೇತುವೆಯನ್ನು ದಾಟಿದೊಡನೆ ಬೇರೊಂದು ದೇಶವನ್ನೇ ಹೊಕ್ಕಂತಾಯಿತು. ಜೋಳದ ರೊಟ್ಟಿಯ ಬದಲು ಕುಚ್ಚಲಕ್ಕಿಯ ಅನ್ನ. ಕಪ್ಪು ನೆಲದ ಬದಲು ಮರಳು, ತೆಂಗು, ಕಡಲಿನ ಮೊರೆತ. ಸುತ್ತಲೂ ಕೇಳಿಬರುತ್ತಿದ್ದುದು ತುಳು, ಬ್ಯಾರಿ, ಕೊಂಕಣಿ, ಮಲಯಾಳ. ಕನ್ನಡದಲ್ಲಿ ಎಂ.ಎ. ಮಾಡಿದ್ದ ನಾನು ಅಂಗಡಿಯ ಮುಂದೆ ಮೂಕನಾಗಿ ನಿಲ್ಲುತ್ತಿದ್ದೆ. ಇದು ಸಾಲದೆಂಬಂತೆ, ನಾನು ಯಾವ ದೇವರನ್ನೂ ಪೂಜಿಸುವವನಲ್ಲ. ಸೋಮೇಶ್ವರದ ಗುಡಿ, ಸಯ್ಯಿದ್ ಮದನಿ ದರ್ಗಾ, ಪೆರ್ಮನ್ನೂರಿನ ಇಗರ್ಜಿ ಈ ಮೂರಕ್ಕೂ ನಾನು ಸಮಾನವಾಗಿ ಹೊರಗಿನವನಾಗಿದ್ದೆ.

ಡಿಸೆಂಬರ್ ಬಂದಿತು. ನೆರೆಮನೆಯ ಯಜಮಾನಿತಿಯನ್ನು ಕೇರಿಯವರೆಲ್ಲ ಬಾಯಮ್ಮ ಎಂದು ಕರೆಯುತ್ತಿದ್ದರು. ಆ ಮನೆಯ ಮಕ್ಕಳು ಬಿದಿರಿನ ಕಡ್ಡಿಗೆ ಬಣ್ಣದ ಕಾಗದವನ್ನಂಟಿಸಿ ನಕ್ಷತ್ರವನ್ನು ತೂಗಹಾಕಿದರು. ಜಗಲಿಯ ಮೂಲೆಯಲ್ಲಿ ಹುಲ್ಲು, ಮಣ್ಣುಗಳಿಂದ ಗೋದಲಿಯನ್ನು ಕಟ್ಟಿದರು. ಯೇಸು ಹುಟ್ಟಿದ ಕೊಟ್ಟಿಗೆಯ ಚಿತ್ರವದು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಎತ್ತು, ಕತ್ತೆಗಳನ್ನು ನಿಲ್ಲಿಸಿ ಇಂತಹ ದೃಶ್ಯವನ್ನು ಏರ್ಪಡಿಸಿದ್ದರು. ಉಳ್ಳಾಲದ ಗೋದಲಿಯಲ್ಲಿ ತೆಂಗಿನ ಗರಿಯ ಮಾಡೂ, ಮೊಳೆಯಿಸಿದ ಭತ್ತದ ಹಸುರೂ ಸೇರಿಕೊಂಡಿದ್ದುವು.

ಕೊಂಕಣಿಯಲ್ಲಿ ಕ್ರಿಸ್ಮಸ್ಸಿಗೆ ನತಾಲ್ ಎಂದು ಹೆಸರು. ಅದು ಪೋರ್ಚುಗೀಸ್ ನುಡಿಯಿಂದ ಬಂದ ಮಾತು. ಹದಿನಾರನೆಯ ಶತಮಾನದಲ್ಲಿ ಇದೇ ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರೊಡನೆ ಕಾದಾಡಿದ್ದಳು. ಆ ದಂಡು ಹೋಯಿತು. ಆ ಮಾತು ಮಾತ್ರ ತಿಂಡಿಯ ತಟ್ಟೆಯೊಡನೆ ಬೇಲಿಯನ್ನು ದಾಟಿ ನನ್ನ ಮನೆಗೆ ಬಂದಿತು.

ಆ ತಟ್ಟೆಯಲ್ಲಿದ್ದುದು ಕುಸ್ವಾರ್: ತೆಂಗಿನಕಾಯಿ, ಎಳ್ಳು ತುಂಬಿದ ನೆವ್ರಿ, ಸಕ್ಕರೆಯ ಪಾಕ ಹೊದ್ದ ಕಿಡ್ಯೊ, ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗಿಳಿಸಿ ತೆಗೆದ, ಹೂವಿನಾಕಾರದ ಕೊಕ್ಕಿಸಾಂ. ನೆರೆಯವರ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನನ್ನೂರಿನ ಪದ್ಧತಿ. ಇತರರು ದೀಪಾವಳಿಗೋ ಈದಿಗೋ ಮರಳಿ ಕಳುಹಿಸಬಲ್ಲರು. ನಾನು?

"ನಾನು ಯಾವ ಹಬ್ಬವನ್ನೂ ಆಚರಿಸುವವನಲ್ಲ, ಬಾಯಮ್ಮ. ಪ್ರತಿಯಾಗಿ ಏನು ಕೊಡಲಿ?" ಎಂದೆ.

"ಅದಕ್ಕೇನುಂಟು ಮಾಸ್ಟ್ರೇ? ಹಬ್ಬ ನಾವು ಮಾಡ್ತೇವೆ, ನೀವು ತಿಂದರಾಯಿತು" ಎಂದು ಅವರು ನಕ್ಕರು.

ಆದರೂ ಆ ಋಣ ನನ್ನನ್ನು ಕಾಡುತ್ತಿತ್ತು. ಬಾಯಮ್ಮನ ಮಾವನವರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಆಗ ಹಾಸಿಗೆ ಹಿಡಿದಿದ್ದರು. ನಡುರಾತ್ರಿಯ ಪೂಜೆಗೆ ಮನೆಯವರೆಲ್ಲ ಹೊರಟಾಗ ಅವರ ಬಳಿ ಒಬ್ಬರು ಉಳಿಯಬೇಕಿತ್ತು. ವರ್ಷವೂ ಉಳಿಯುತ್ತಿದ್ದವರು ಬಾಯಮ್ಮನೇ. 1988ರ ಹಬ್ಬದಂದು ನಾನು, "ನನಗೆ ಹೋಗಬೇಕಾದ ಪೂಜೆಯಿಲ್ಲ, ಇಂದು ನಾನಿರುತ್ತೇನೆ, ನೀವು ಹೋಗಿಬನ್ನಿ" ಎಂದೆ. ಅವರು ಬಹಳ ಹೊತ್ತು ಅನುಮಾನಿಸಿ, ಕೊನೆಗೆ ಸೀರೆಯುಟ್ಟು ಮಕ್ಕಳೊಡನೆ ಹೊರಟರು.

ಮನೆ ನಿಶ್ಶಬ್ದವಾಯಿತು. ವೃದ್ಧರಿಗೆ ಕಿವಿ ಮಂದ. ಅವರು ಮತ್ತೆ ಮತ್ತೆ, "ಗಂಟೆ ಬಾರಿಸಿತೇ ಮಾಸ್ಟ್ರೇ?" ಎಂದು ಕೇಳುತ್ತಿದ್ದರು. ನಾನು ಬಾಗಿಲನ್ನು ತೆರೆದಿಟ್ಟು, ಕಡಲಿನ ಮೊರೆತದ ನಡುವೆ ಕಿವಿಗೊಟ್ಟು ಕುಳಿತೆ. ನನ್ನ ಜೀವನದಲ್ಲಿ ಯಾವ ಗಂಟೆಯನ್ನೂ ಅಷ್ಟು ಆತಂಕದಿಂದ ಕಾದವನಲ್ಲ. ಕೊನೆಗೆ ಅದು ಕೇಳಿಸಿತು. ಅವರ ಕಿವಿಯ ಬಳಿ ಬಾಗಿ, "ಬಾರಿಸಿತು" ಎಂದೆ. ಶಿಲುಬೆಯ ಗುರುತು ಮಾಡಲು ಅವರು ಬಲಗೈಯನ್ನೆತ್ತಿದರು. ಅದು ಅರ್ಧಕ್ಕೇ ನಿಂತು ನಡುಗಿತು. ನಾನು ಮೊಣಕೈಯನ್ನು ಹಿಡಿದು ಹಣೆಯವರೆಗೆ ಎತ್ತಿದೆ.

ನನ್ನ ನಿಲುವು ಆ ರಾತ್ರಿ ಬದಲಾಗಲಿಲ್ಲ. ಬದಲಾಗಲೆಂದು ಆ ಮನೆಯವರೂ ಬಯಸಲಿಲ್ಲ. ಆ ಹಿರಿಯರು ಬದುಕಿರುವವರೆಗೆ ಪ್ರತಿವರ್ಷವೂ ಆ ರಾತ್ರಿಯ ಕಾವಲು ನನ್ನದಾಯಿತು. ಎಲ್ಲರೂ ಇಗರ್ಜಿಗೆ ಹೋಗುವ ಹೊತ್ತಿನಲ್ಲಿ ಮನೆಯಲ್ಲಿ ಉಳಿಯಬಲ್ಲವನೊಬ್ಬನು ಬೇಕಿತ್ತು. ಹಾಗೆ ಉಳಿಯಲು ನನಗೆ ಸಾಧ್ಯವಿತ್ತು. ಆಮೇಲೆ ಬಾಯಮ್ಮನ ತಟ್ಟೆಯನ್ನು ಸಂಕೋಚವಿಲ್ಲದೆ ಕೈಚಾಚಿ ತೆಗೆದುಕೊಳ್ಳುತ್ತಿದ್ದೆ.