ಹವಳದ ಮನೆ

ನಮ್ಮ ಮನೆಯಲ್ಲಿ ಹವಳಕ್ಕೆ ಮೂಂಗಾ ಅನ್ನುತ್ತೇವೆ. ಅದೊಂದು ಕಲ್ಲು ಎಂದೇ ನಾನು ತಿಳಿದಿದ್ದೆ. ವಿಜ್ಞಾನ ವಿಭಾಗದ ಗೆಳತಿಯ ಪುಸ್ತಕದಲ್ಲಿ ಎರಡು ಹೊಸ ಪದಗಳು ಕಂಡವು: ಕೋರಲೈಟ್, ಕೋರಲಮ್. ನಾನು ಕಾಮರ್ಸ್ ವಿದ್ಯಾರ್ಥಿನಿ, ಎರಡೂ ಒಂದೇ ಅಂದುಕೊಂಡೆ. ಅಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಪಾಲಿಪ್ ಎಂಬ ಪುಟ್ಟ ಜೀವಿ ಸಮುದ್ರದ ನೀರಿನಿಂದ ಸುಣ್ಣದ ಅಂಶ ತೆಗೆದುಕೊಂಡು ತನಗಾಗಿ ಕಟ್ಟಿಕೊಳ್ಳುವ ಬಟ್ಟಲಿನಂಥ ಅಸ್ಥಿಪಂಜರ ಕೋರಲೈಟ್. ಅಂಥ ಎಷ್ಟೋ ಬಟ್ಟಲುಗಳು ಕೂಡಿದ ಇಡೀ ಸಮೂಹದ ಅಸ್ಥಿಪಂಜರ ಕೋರಲಮ್. ಒಂದು ಕೋಣೆ, ಇನ್ನೊಂದು ಇಡೀ ಮನೆ. ನಮ್ಮ ರಾಜ್ಯದಲ್ಲೇ, ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ.

ಅದೇ ವಾರ ರಾಯಬಾಗದ ನಮ್ಮ ಮನೆಯ ಅಂಗಳದಲ್ಲಿ ಗೋಡೆ ಏಳತೊಡಗಿತು. ಅಬ್ಬಾ ಮತ್ತು ಚಾಚಾ ಬೇರೆಯಾದರು. ದಾದಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಅವರಿಗೆ ಹವಳದ ಚಿತ್ರ ತೋರಿಸಿದೆ.

"ಇದರಲ್ಲೂ ಬರೀ ಗೋಡೆಗಳೇ ಇವೆಯಲ್ಲ?" ಎಂದರು.

"ಇವೆ ದಾದಿ. ಆದರೆ ಗೋಡೆಗಳ ಮೇಲೆ ಹಾದು ಹೋಗುವ ಜೀವಂತ ಪೊರೆ ಎಲ್ಲರನ್ನೂ ಕೂಡಿಸಿರುತ್ತದೆ. ಒಂದು ತಿಂದದ್ದರಲ್ಲಿ ಪಕ್ಕದ್ದಕ್ಕೂ ಪಾಲು ಹೋಗುತ್ತದೆ," ಎಂದೆ.

ದಾದಿ ಏನೂ ಅನ್ನಲಿಲ್ಲ. ಸಂಜೆ ತಾಟಿನಲ್ಲಿ ಜೋಳದ ರೊಟ್ಟಿ, ಪಲ್ಯ ಇಟ್ಟು, ಬಟ್ಟೆ ಮುಚ್ಚಿ, "ನಿನ್ನ ಚಾಚಿಗೆ ಕೊಡು" ಎಂದರು. ಗೋಡೆ ಇನ್ನೂ ಎದೆಯೆತ್ತರ ಇತ್ತು. ಚಾಚಿ ಆ ಕಡೆಯಿಂದ ಎರಡೂ ಕೈ ನೀಡಿ ತೆಗೆದುಕೊಂಡರು. ಮರುದಿನ ತಾಟು ಖಾಲಿ ಬರಲಿಲ್ಲ.